77 ಯಾರ ಅಂಕಿ?

ಬಹುರಾಷ್ಟ್ರೀಯ ಕಂಪನಿಗಳ ಆಡಳಿತದವರಿಗೆ ಒಂದು ಪುರಾಣವಿದೆ. ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಅಂತ ಅದರ ಹೆಸರು, ಸಂಸ್ಕೃತಿಯ ಪರಿಣಾಮಗಳು ಅಂತ ಅರ್ಥ. ಬರೆದವನು ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್. ಇಂಜಿನಿಯರಿಂಗ್ ಓದಿ, ಆಮೇಲೆ ಐಬಿಎಂ ಕಂಪನಿಯ ಯೂರೋಪ್ ವಿಭಾಗದಲ್ಲಿ ನೌಕರರ ಬಗ್ಗೆ ಸಂಶೋಧನೆ ನಡೆಸಿದವನು, 2020ರಲ್ಲಿ ತೀರಿಕೊಂಡ. ಪುಸ್ತಕ ಬಂದದ್ದು 1980ರಲ್ಲಿ. ಒಂದು ದೇಶದಲ್ಲಿ ಕೂತ ಮ್ಯಾನೇಜರು ಇನ್ನೊಂದು ದೇಶದ ಹುಡುಗರಿಂದ ಕೆಲಸ ತೆಗೆಯೋದು ಹೇಗೆ, ಯಾವ ದೇಶದವನ ಹತ್ತಿರ ಹೇಗೆ ಮಾತಾಡಬೇಕು, ಯಾವನು ಎದುರು ಮಾತಾಡ್ತಾನೆ, ಯಾವನು ತಲೆ ಬಗ್ಗಿಸ್ತಾನೆ ಅನ್ನೋ ಪ್ರಶ್ನೆ ಬಂದಾಗೆಲ್ಲ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಜನ ಬಿಚ್ಚಿಕೊಂಡು ಕೂತದ್ದು ಈ ಪುಸ್ತಕವನ್ನ. ನಮ್ಮ ಕಡೆಯ ಎಂಬಿಎ ಹುಡುಗರು ಮೂಲ ಓದೋದಿಲ್ಲ, ಗೈಡು ಓದ್ತಾರೆ. ಗೈಡಿನಲ್ಲಿ ಒಂದು ಪಟ್ಟಿ ಇರುತ್ತೆ. ಪಟ್ಟಿಯಲ್ಲಿ ಪ್ರತಿ ದೇಶಕ್ಕೂ ಒಂದೊಂದು ಅಂಕಿ. ‘ಅಧಿಕಾರದ ಅಂತರ’ ಅನ್ನೋ ತಲೆಬರಹದ ಕೆಳಗೆ ಆಸ್ಟ್ರಿಯಾಕ್ಕೆ 11, ಅಮೆರಿಕಕ್ಕೆ 40, ಫಿಲಿಪೈನ್ಸಿಗೆ 94, ಭಾರತಕ್ಕೆ 77.

ಈ 77ರ ಬಗ್ಗೆ ನಾನು ನಾಲ್ಕು ಮಾತು ಆಡಬೇಕಾಗಿದೆ. ಗೆಳೆಯರು ಕೇಳಬಹುದು, ಪದ್ಯ ಬರೆಯೋನಿಗೆ ಕಂಪನಿಯ ಲೆಕ್ಕ ಯಾಕಪ್ಪಾ ಅಂತ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ನನ್ನಂಥ ನೂರಾರು ಜನ ಡಿಗ್ರಿ ಹಿಡಿದುಕೊಂಡು ಹೋಗಿ ನಿಲ್ಲೋದು ಇಂಥ ಕಂಪನಿಗಳ ಬಾಗಿಲಲ್ಲೇ. ಒಳಗೆ ಹೋದ ಮೇಲೆ ನಮ್ಮನ್ನ ಅಳೆಯೋ ಕೋಲು ಇದೇ. ಅಲ್ಲದೆ ಈ ಲೆಕ್ಕದಲ್ಲಿ ಮೋಸ ಆಗಿರೋದು ಅಂಕಿಯಲ್ಲಿ ಅಲ್ಲ, ಪದದಲ್ಲಿ. ಅದನ್ನ ಹಿಡಿಯೋಕೆ ಪದ್ಯ ಬರೆಯೋನಿಗೂ ಹಕ್ಕಿದೆ.

ಮೊದಲು ಅಂಕಿ ಹುಟ್ಟಿದ ಕಥೆ ಹೇಳ್ತೀನಿ. 1967ರಿಂದ 1973ರ ನಡುವೆ ಐಬಿಎಂ ತನ್ನ ನೌಕರರಿಗೇ ಎರಡು ಸುತ್ತು ಪ್ರಶ್ನಾವಳಿ ಹಂಚಿತು. 20 ಭಾಷೆಗಳಲ್ಲಿ, ಸುಮಾರು 1,16,000 ಉತ್ತರಪತ್ರಿಕೆಗಳು. ಇದು ಲೋಕಕಲ್ಯಾಣಕ್ಕೆ ಮಾಡಿದ್ದಲ್ಲ, ನೌಕರರ ಮನಸ್ಸು ಯಾವ ಕಡೆ ವಾಲಿದೆ ಅಂತ ಕಂಪನಿ ತಿಳಿದುಕೊಳ್ಳೋದಕ್ಕೆ. ಹಾಫ್‌ಸ್ಟೆಡ್ ಆ ರಾಶಿಯನ್ನ ದೇಶವಾರು ವಿಂಗಡಿಸಿ, ಮೊದಲು 40 ದೇಶಗಳಿಗೆ ಅಂಕ ಕೊಟ್ಟ. ಪುಸ್ತಕದಲ್ಲಿ ಕಂಪನಿಯ ಹೆಸರನ್ನ ಮುಚ್ಚಿಟ್ಟು ‘ಹರ್ಮಿಸ್’ ಅಂತ ಕರೆದ. ಅಧಿಕಾರದ ಅಂತರ ಅನ್ನೋ ಅಳತೆ ನಿಂತಿರೋದು ಮುಖ್ಯವಾಗಿ ಮೂರು ಪ್ರಶ್ನೆಗಳ ಮೇಲೆ. ಮೇಲಿನವನ ಮಾತಿಗೆ ಒಪ್ಪದೆ ಇದ್ದಾಗ ಅದನ್ನ ಬಾಯಿಬಿಟ್ಟು ಹೇಳೋಕೆ ನೌಕರರು ಎಷ್ಟು ಸಲ ಹೆದರ್ತಾರೆ? ನಿನ್ನ ಮೇಲಿನವನು ತೀರ್ಮಾನ ಮಾಡೋ ರೀತಿ ಎಂಥದು, ತಾನೇ ಮಾಡಿ ಹೇಳ್ತಾನೋ, ಕೇಳಿ ಮಾಡ್ತಾನೋ? ನಿನಗೆ ಎಂಥ ಮೇಲಿನವನು ಬೇಕು?

ಮೊದಲ ಪ್ರಶ್ನೆಯನ್ನ ಇನ್ನೊಂದು ಸಲ ಓದಿ. ಅದು ಕೇಳ್ತಿರೋದು ಹೆದರಿಕೆಯ ಬಗ್ಗೆ. ಉತ್ತರ ಬರೆದವನು ಹೌದು ಸ್ವಾಮಿ, ಇಲ್ಲಿ ಜನ ಹೆದರ್ತಾರೆ ಅಂತ ಬರೆದ. ಈಗ ಪುಸ್ತಕ ಆ ಅಳತೆಗೆ ಕೊಡೋ ಅರ್ಥವನ್ನ ನೋಡಿ: ಒಂದು ದೇಶದಲ್ಲಿ ಅಧಿಕಾರ ಕಡಿಮೆ ಇರೋರು ಅಧಿಕಾರದ ಅಸಮಾನತೆಯನ್ನ ಎಷ್ಟರ ಮಟ್ಟಿಗೆ ನಿರೀಕ್ಷಿಸ್ತಾರೆ ಮತ್ತು ಒಪ್ಪಿಕೊಂಡಿರ್ತಾರೆ ಅನ್ನೋದೇ ಅಧಿಕಾರದ ಅಂತರವಂತೆ. ಒಳಗೆ ಹೋದದ್ದು ಹೆದರಿಕೆ, ಆಚೆ ಬಂದದ್ದು ಒಪ್ಪಿಗೆ. ನಡುವೆ ಏನಾಯ್ತು? ಒಂದಷ್ಟು ಕೂಡು-ಕಳೆ ಆಯ್ತು. ಹೆದರಿ ಸುಮ್ಮನಿದ್ದವನನ್ನ ಒಪ್ಪಿ ಸುಮ್ಮನಿದ್ದವನು ಅಂತ ಬರೆದುಕೊಳ್ಳೋದು ನಮಗೇನು ಹೊಸದಲ್ಲ. ಊರಿನ ಶಾನುಭೋಗರ ಲೆಕ್ಕದ ಪುಸ್ತಕದಲ್ಲೂ ನಮ್ಮ ತಾತಂದಿರ ಹೆಬ್ಬೆಟ್ಟು ಹೀಗೇ ಬಿದ್ದಿತ್ತು. ಹೆಬ್ಬೆಟ್ಟು ಒತ್ತಿದ್ದಾನೆ, ಆದ್ದರಿಂದ ಒಪ್ಪಿದ್ದಾನೆ.

ಹೆದರಿಕೆ ಒಪ್ಪಿಗೆ ಆದ ಮೇಲೆ ಒಪ್ಪಿಗೆ ಸಂಸ್ಕೃತಿ ಆಗೋಕೆ ಹೆಚ್ಚು ಹೊತ್ತು ಬೇಡ. ಸಂಸ್ಕೃತಿ ಅಂದರೆ ಮನಸ್ಸಿಗೆ ಸಾಮೂಹಿಕವಾಗಿ ಹಾಕಿದ ಪ್ರೋಗ್ರಾಮು ಅಂತ ಹಾಫ್‌ಸ್ಟೆಡ್ ಹೇಳ್ತಾನೆ. ಕಂಪ್ಯೂಟರ್ ಕಂಪನಿಯವನಿಗೆ ತಕ್ಕ ಉಪಮೆ. ಆದರೆ ಯಂತ್ರಕ್ಕೆ ಪ್ರೋಗ್ರಾಮು ಹಾಕೋಕೆ ಒಬ್ಬ ಬೇಕಲ್ಲ, ಅವನು ಯಾರು, ಅದರಿಂದ ಅವನಿಗೇನು ಲಾಭ ಅನ್ನೋ ಪ್ರಶ್ನೆಯನ್ನ ಈ ಉಪಮೆ ನುಂಗಿಬಿಡುತ್ತೆ. ಮುಂದೆ ಬರೋದು ಉಪದೇಶ. ಅಂತರ ಹೆಚ್ಚಿರೋ ದೇಶಗಳಲ್ಲಿ ನೌಕರರು ಮೇಲಿನವನ ಅಪ್ಪಣೆಗೆ ಕಾಯ್ತಾರೆ. ಅವರ ಕಣ್ಣಿಗೆ ಒಳ್ಳೆಯ ಮೇಲಧಿಕಾರಿ ಅಂದರೆ ದಯೆಯುಳ್ಳ ಏಕಾಧಿಪತಿ, ಮನೆಯ ಒಳ್ಳೆಯ ತಂದೆಯಂಥವನು. ಈ ತಂದೆಯ ಪರಿಚಯ ನಮಗಿದೆ ಗೆಳೆಯರೇ. ಅವನನ್ನ ನಾವು ಧಣಿ ಅಂತ ಕರೀತಿದ್ವಿ. ಹಬ್ಬಕ್ಕೆ ಹಳೇ ಪಂಚೆ ಕೊಡ್ತಿದ್ದ, ಮದುವೆಗೆ ಸಾಲ ಕೊಡ್ತಿದ್ದ, ಸಾಲಕ್ಕೆ ಮಗನನ್ನ ಜೀತಕ್ಕೆ ಇಟ್ಟುಕೊಳ್ತಿದ್ದ. ಜೀತ ರದ್ದು ಮಾಡಿ 1976ರಲ್ಲಿ ಕಾನೂನು ಬಂತು. ನಾಲ್ಕು ವರ್ಷ ಕಳೆದ ಮೇಲೆ ಬಂದ ಪುಸ್ತಕದಲ್ಲಿ ಧಣಿ ಮ್ಯಾನೇಜ್‌ಮೆಂಟ್ ಶಾಸ್ತ್ರದ ಅಂಗಿ ಹಾಕಿಕೊಂಡು ಕೂತಿದ್ದಾನೆ.

ಹಾಫ್‌ಸ್ಟೆಡ್‌ಗೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡೋಣ. ಅಮೆರಿಕದವರು ತಮ್ಮ ಆಫೀಸಿನಲ್ಲಿ ಕಂಡದ್ದನ್ನೇ ಇಡೀ ಮನುಷ್ಯಕುಲದ ಸ್ವಭಾವ ಅಂತ ಬರೆದು ಎಲ್ಲ ದೇಶಕ್ಕೂ ಮಾರ್ತಿದ್ದ ಕಾಲದಲ್ಲಿ, ನಿಮ್ಮ ಸಿದ್ಧಾಂತ ನಿಮ್ಮ ಊರಿನದು, ಬೇರೆ ಕಡೆ ನಡೆಯೋದಿಲ್ಲ ಅಂತ ಗಟ್ಟಿಯಾಗಿ ಹೇಳಿದವರಲ್ಲಿ ಅವನೊಬ್ಬ. ದೇಶದ ಅಂಕಿಯನ್ನ ಒಬ್ಬ ಮನುಷ್ಯನ ಹಣೆಗೆ ಅಂಟಿಸಬೇಡಿ ಅಂತಲೂ ಎಚ್ಚರಿಸಿದ್ದಾನೆ. ಅವನ ಹೆಸರಲ್ಲಿ ತರಬೇತಿ ನಡೆಸೋರು ಆ ಎಚ್ಚರಿಕೆಯ ಪುಟವನ್ನ ಹರಿದು ಎಸೆದಿದ್ದಾರೆ, ಅದಕ್ಕೆ ಅವನೊಬ್ಬನನ್ನೇ ಬೈಯೋದು ನ್ಯಾಯವಲ್ಲ.

ಆದರೆ ಅವನ ಮುಖ್ಯ ವಾದವೇ ಕುಂಟು. ಅವನು ಹೇಳೋದು ಹೀಗೆ: ಎಲ್ಲರೂ ಒಂದೇ ಕಂಪನಿಯವರು, ಮಾಡೋ ಕೆಲಸವೂ ಒಂದೇ ಥರದ್ದು, ಹಾಗಾಗಿ ಇವರ ನಡುವೆ ಉಳಿಯೋ ವ್ಯತ್ಯಾಸ ದೇಶದ್ದೇ ಆಗಿರಬೇಕು. ಕೇಳೋಕೆ ಚೆಂದ. ಜರಡಿ ಹಿಡಿದವನು ಕೆಳಗೆ ಬಿದ್ದದ್ದನ್ನ ನೋಡದೆ ಮೇಲೆ ಉಳಿದ ಕಾಳು ತೋರಿಸಿ ಇದೇ ಹೊಲದ ಬೆಳೆ ಅಂದ ಹಾಗೆ. 1970ರ ಸುಮಾರಿಗೆ ಇಂಡಿಯಾದಲ್ಲಿ ಕಂಪ್ಯೂಟರ್ ಮಾರೋ ಅಮೆರಿಕನ್ ಕಂಪನಿಯ ಮೇಜಿನವರೆಗೆ ಹೋಗಿ ಕೂರೋಕೆ ಏನೇನು ಬೇಕಾಗಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿದ್ದವರನ್ನ ಕೇಳಿಲ್ಲ, ಮಿಲ್ಲಿನಲ್ಲಿದ್ದವರನ್ನ ಕೇಳಿಲ್ಲ, ಮಲ ಹೊರೋರನ್ನ ಕೇಳಿಲ್ಲ. ಆ ಆಫೀಸಿನ ಸರಾಸರಿ ಇಡೀ ಭಾರತದ ಮನಸ್ಸಾಯ್ತು. ಬ್ರೆಂಡನ್ ಮೆಕ್‌ಸ್ವೀನಿ ಅನ್ನೋ ವಿದ್ವಾಂಸ 2002ರಲ್ಲಿ ಈ ಬುಡವನ್ನೇ ಅಲ್ಲಾಡಿಸಿದ. ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ ಉತ್ತರ ಕೊಟ್ಟವರು 37 ಜನ, ಎರಡನೇ ಸುತ್ತಿಗೆ 70 ಜನ ಅಂತ ಎತ್ತಿ ತೋರಿಸಿದ. ಒಂದು ಬಸ್ಸಿಗೆ ಆಗೋ ಅಷ್ಟು ಜನ ಒಂದು ದೇಶ! ಇನ್ನೊಂದು ತಮಾಷೆ ಇದೆ. ವಿದೇಶಿ ಪಾಲು ಇಳಿಸಬೇಕು ಅನ್ನೋ ಕಾನೂನಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಯ್ತು. ಪುಸ್ತಕ ಬರೋ ಹೊತ್ತಿಗೆ ಆ ಅಂಕಿ ಕೊಟ್ಟ ಆಫೀಸೇ ಇಲ್ಲಿರಲಿಲ್ಲ, ಅಂಕಿ ಮಾತ್ರ ಉಳಿಯಿತು. ಕಂಪನಿ 1992ರಲ್ಲಿ ಟಾಟಾ ಜೊತೆ ಸೇರಿಕೊಂಡು ವಾಪಸ್ಸು ಬಂದಾಗ ಅಂಕಿ ಬಾಗಿಲಲ್ಲಿ ನಿಂತು ಸ್ವಾಗತ ಮಾಡಿರಬೇಕು.

ಅಸಮಾನತೆಯನ್ನ ಈ ದೇಶದವರು ಒಪ್ಪಿದ್ದಾರೆ ಅಂತ ಲೆಕ್ಕ ಹಾಕ್ತಿದ್ದ ಅದೇ ವರ್ಷಗಳಲ್ಲಿ ಏನಾಗ್ತಿತ್ತು? 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ ಹುಟ್ಟಿತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಕರ್ನಾಟಕದ ಬೀದಿಗಳು ಹೊತ್ತಿಕೊಂಡವು, ಹಾಸ್ಟೆಲಿನ ನಮ್ಮ ಹುಡುಗರು ಒದೆ ತಿಂದರು, ತಿರುಗಿ ನಿಂತರು. ಅದಕ್ಕೂ ಮುಂಚೆ 1927ರಲ್ಲಿ ಮಹಾಡಿನ ಕೆರೆಯ ನೀರಿಗೆ ಕೈ ಹಾಕಿದವರು ಇದ್ದರು. ಇವರಲ್ಲಿ ಯಾರ ಕೈಗೂ ಪ್ರಶ್ನಾವಳಿ ತಲುಪಲಿಲ್ಲ. ತಲುಪಿದ್ದರೆ 77 ಎಷ್ಟಾಗ್ತಿತ್ತೋ ನಾನು ಹೇಳಲಾರೆ, ಒಪ್ಪಿಗೆ ಅನ್ನೋ ಪದವಂತೂ ಅಲ್ಲಿ ಉಳೀತಿರಲಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ದೊಡ್ಡ ತಕರಾರು ಬಾಕಿ ಇದೆ. ಹಾಫ್‌ಸ್ಟೆಡ್‌ನ ಕೋಲು ಅಳೆಯೋದು ಮೇಲಿನವನಿಗೂ ಕೆಳಗಿನವನಿಗೂ ಇರೋ ದೂರವನ್ನ. ನಮ್ಮ ದೇಶದ ರೋಗ ಆ ದೂರವೊಂದೇ ಅಲ್ಲ. ಅಂಬೇಡ್ಕರ್ ಅದನ್ನ ಶ್ರೇಣೀಕೃತ ಅಸಮಾನತೆ ಅಂತ ಕರೆದರು. ಪಕ್ಕದ ಮೇಜಿನವನು, ಅದೇ ಸಂಬಳ, ಅದೇ ಪದವಿ, ಅದೇ ಕಾಲೇಜು. ಆದರೂ ಅವನು ಬೇರೆ, ನೀನು ಬೇರೆ. ದೇಶಕ್ಕೊಂದು ಅಂಕಿ ಕೊಡೋ ಪಟ್ಟಿಯಲ್ಲಿ ಈ ಅಕ್ಕಪಕ್ಕದ ದೂರಕ್ಕೆ ಮನೆ ಇಲ್ಲ. ಅಲ್ಲಿ ಇಬ್ಬರೂ ‘ಭಾರತ’. ಇಬ್ಬರೂ 77. ಗಡಿ ದಾಟಿ ಹೋದಾಗ ಇಬ್ಬರೂ ಒಂದೇ ಸಂಸ್ಕೃತಿಯವರು ಅಂತ ಒಂದೇ ತಂಡಕ್ಕೆ ಹಾಕ್ತಾರೆ, ಒಬ್ಬನ ಕೆಳಗೆ ಇನ್ನೊಬ್ಬನನ್ನ ಕೂರಿಸ್ತಾರೆ. ಹಿಂದೂಗಳು ಬೇರೆ ನೆಲಗಳಿಗೆ ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆ ಆಗುತ್ತೆ ಅಂತ ಕೇತ್ಕರ್ ಹೇಳಿದ್ದ ಮಾತನ್ನ ಅಂಬೇಡ್ಕರ್ 1916ರಲ್ಲೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಎತ್ತಿ ಹೇಳಿದ್ದರು. ಹಾಫ್‌ಸ್ಟೆಡ್‌ನ ಪುಸ್ತಕಕ್ಕಿಂತ 64 ವರ್ಷ ಮುಂಚೆ.

ಆ ಮಾತು ಕೋರ್ಟಿಗೆ ಬಂದದ್ದು 2020ರ ಜೂನ್ ಕೊನೆಯಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆ ಸಿಸ್ಕೊ ಕಂಪನಿಯ ಮೇಲೆ ದಾವೆ ಹೂಡಿತು. ಸ್ಯಾನ್ ಹೊಸೆಯ ಆಫೀಸಿನಲ್ಲಿ ಒಬ್ಬ ದಲಿತ ಇಂಜಿನಿಯರ್. ಮೇಲಿನ ಇಬ್ಬರು ಮೇಲ್ಜಾತಿಯ ಭಾರತೀಯರು. ಇವನು ಮೀಸಲಾತಿಯಲ್ಲಿ ಐಐಟಿಗೆ ಬಂದವನು ಅಂತ ಸಹೋದ್ಯೋಗಿಗಳ ಹತ್ತಿರ ಹೇಳಿದರು, ದೂರು ಕೊಟ್ಟ ಮೇಲೆ ಮೂಲೆಗೆ ತಳ್ಳಿದರು ಅನ್ನೋದು ಆರೋಪ. ಕಂಪನಿ ಅದನ್ನ ಅಲ್ಲಗಳೆಯಿತು. ಇಬ್ಬರು ವ್ಯಕ್ತಿಗಳ ಮೇಲಿನ ಮೊಕದ್ದಮೆಯನ್ನ 2023ರಲ್ಲಿ ಇಲಾಖೆಯೇ ಕೈಬಿಟ್ಟಿತು, ಕಂಪನಿಯ ಮೇಲಿನದನ್ನ ಬಿಡಲಿಲ್ಲ. ಆರೋಪದ ಸತ್ಯಾಸತ್ಯ ತೀರ್ಮಾನ ಮಾಡೋದು ನನ್ನ ಕೆಲಸವಲ್ಲ. ನನ್ನ ಕಣ್ಣು ನೆಟ್ಟಿರೋದು ದಾವೆಯ ಒಂದು ಸಾಲಿನ ಮೇಲೆ: ಆ ಇಂಜಿನಿಯರ್ ಕಂಪನಿಯ ಒಳಗೆ ದೂರು ಕೊಟ್ಟಾಗ, ಜಾತಿ ಭೇದ ಇಲ್ಲಿನ ಕಾನೂನಿಗೆ ವಿರುದ್ಧವಲ್ಲ ಅಂತ ಅಲ್ಲಿನ ಸಿಬ್ಬಂದಿ ವಿಭಾಗ ಉತ್ತರ ಕೊಟ್ಟಿತು ಅನ್ನೋದು ಅದು. ಎಷ್ಟು ದೇಶಗಳ ಸಂಸ್ಕೃತಿ ಕಲಿಸೋ ತರಗತಿಗಳು ನಡೆದಿದ್ದರೂ ಏನು ಬಂತು? ಭಾರತದವರಿಗೆ ಹೇಗೆ ಕೈ ಮುಗಿಯಬೇಕು, ದೀಪಾವಳಿಗೆ ಏನು ಶುಭಾಶಯ ಹೇಳಬೇಕು ಅಂತ ಗೊತ್ತು. ಅವರ ಅರ್ಜಿಯಲ್ಲಿ ಜನಾಂಗಕ್ಕೆ, ಬಣ್ಣಕ್ಕೆ, ಧರ್ಮಕ್ಕೆ ಮನೆಗಳಿದ್ದವು. ಇದಕ್ಕೆ ಇರಲಿಲ್ಲ.

ಆಮೇಲೆ ಸ್ವಲ್ಪ ಗಾಳಿ ಬೀಸಿತು. ಆಪಲ್ ತನ್ನ ನೌಕರರ ನಿಯಮಗಳಲ್ಲಿ ಜಾತಿ ಅನ್ನೋ ಪದ ಸೇರಿಸಿಕೊಂಡಿತ್ತು ಅನ್ನೋದು 2022ರಲ್ಲಿ ಪತ್ರಿಕೆಗೆ ಬಂತು. ಅದೇ ವರ್ಷ ಗೂಗಲ್‌ನಲ್ಲಿ ತೇನ್ಮೊಳಿ ಸೌಂದರರಾಜನ್ ಜಾತಿಯ ಬಗ್ಗೆ ಆಡಬೇಕಿದ್ದ ಮಾತು ರದ್ದಾಯ್ತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ಭೇದವನ್ನ ನಿಷೇಧಿಸಿತು, ಅಮೆರಿಕದಲ್ಲಿ ಅದೇ ಮೊದಲ ನಗರ. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಇಡೀ ರಾಜ್ಯಕ್ಕೆ ಅಂಥದೇ ಮಸೂದೆ ಒಪ್ಪಿತು. ಈಗಿರೋ ಕಾನೂನೇ ಸಾಕು ಅಂತ ಗವರ್ನರ್ ನ್ಯೂಸಮ್ ಅಕ್ಟೋಬರಿನಲ್ಲಿ ಅದನ್ನ ತಿರಸ್ಕರಿಸಿದ.

ಇಲ್ಲಿ, ಬೆಂಗಳೂರಿನಲ್ಲಿ, ಒಂದು ಸಣ್ಣ ಸಂಗತಿ. ದೊಡ್ಡ ಸಿದ್ಧಾಂತದವರು ನಗಬಹುದು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತೆ, ಊರಿನದೋ ಅಪ್ಪನದೋ. ಸರ್‌ನೇಮ್ ಇರೋದು ಕೆಲವರಿಗೆ. ಬೇರೆ ಯಾವುದೋ ದೇಶದಲ್ಲಿ ತಯಾರಾದ ಫಾರಂ ಕಂಪ್ಯೂಟರಿನ ಪರದೆ ಮೇಲೆ ಬರುತ್ತೆ. ‘ಲಾಸ್ಟ್ ನೇಮ್’ ಅನ್ನೋ ಮನೆಯ ಪಕ್ಕ ಕೆಂಪು ಚುಕ್ಕಿ, ತುಂಬದೆ ಮುಂದಕ್ಕೆ ಬಿಡಲ್ಲ. ನಾನು ಕೆಲಸಕ್ಕೆ ಸೇರಿದ ಕಡೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದೆ. ಅಪ್ಪನ ಹೆಸರು ಎಂಥದು ಅಂದರೆ ಓದಿದವರಿಗೆ ಕೇರಿ ಕಾಣುತ್ತೆ. ಮಾರನೇ ದಿನದಿಂದ ದೂರದ ದೇಶದ ಮ್ಯಾನೇಜರು ಫೋನಿನಲ್ಲಿ ನನ್ನನ್ನ ಅಪ್ಪನ ಹೆಸರಿನಿಂದಲೇ ಗೌರವವಾಗಿ ಕರೆಯೋಕೆ ಶುರು ಮಾಡಿದ. ಅವನಿಗೆ ಪಾಪ ಏನೂ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದವರಿಗೆ ಎಲ್ಲ ಗೊತ್ತಾಯ್ತು. ಊಟಕ್ಕೆ ಕರೀತಿದ್ದವರಲ್ಲಿ ಇಬ್ಬರು ಕರೆಯೋದು ನಿಲ್ಲಿಸಿದರು. ಗಡಿಯಾಚೆಯ ಆಡಳಿತ ಅಂದರೆ ಏನು ಅಂತ ನನ್ನನ್ನ ಯಾರಾದರೂ ಕೇಳಿದರೆ ಆ ಕೆಂಪು ಚುಕ್ಕಿಯನ್ನ ತೋರಿಸ್ತೀನಿ. ಅಲ್ಲಿಯವನಿಗೆ ಖಾಲಿ ಬಿಡಬಾರದ ಒಂದು ಮನೆ ಅದು, ಅಷ್ಟೇ.

ಇದೆಲ್ಲ ಕಂಪ್ಯೂಟರ್ ಕಾಲದ ಕಾಯಿಲೆ ಅಂತ ತಿಳಿಯಬೇಡಿ. ಬೆಂಗಳೂರು ಬಿಟ್ಟು ಕೋಲಾರದ ಕಡೆ ನೋಡಿ. ದೂರದ ದೇಶದಲ್ಲಿ ಕೂತು ನಮ್ಮ ಜನರನ್ನ ಆಳೋ ವಿದ್ಯೆಯನ್ನ ಆ ಜಿಲ್ಲೆ 1880ರಿಂದಲೇ ಕಂಡಿದೆ. ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಲಂಡನ್ನಿನ ಕಂಪನಿ ಚಿನ್ನದ ಗಣಿ ನಡೆಸಿತು. ಮೇಲೆ ಯೂರೋಪಿಯನ್ನರು, ಆಮೇಲೆ ಆಂಗ್ಲೋ-ಇಂಡಿಯನ್ನರು, ನೆಲದ ಕೆಳಗೆ ತಮಿಳು ಜಿಲ್ಲೆಗಳಿಂದ ಬಂದ ಆದಿ ದ್ರಾವಿಡರು. ಅವರಲ್ಲಿ ಎಷ್ಟೋ ಜನ ಕಂಟ್ರಾಕ್ಟರನ ಕೆಳಗೆ. ಹಾಫ್‌ಸ್ಟೆಡ್ ಹುಟ್ಟೋದಕ್ಕೂ ಮುಂಚೆ ಕಂಪನಿಗೆ ‘ಸಂಸ್ಕೃತಿ’ ಚೆನ್ನಾಗಿ ಗೊತ್ತಿತ್ತು. ಯಾವ ಜಾತಿಯವನಿಗೆ ಯಾವ ಕೆಲಸ, ಯಾವ ಬಣ್ಣದವನಿಗೆ ಯಾವ ಬಂಗಲೆ ಅಂತ ಅದಕ್ಕೆ ಪಟ್ಟಿ ಬೇಕಿರಲಿಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಅಂತ ಬಂತು. ನಾವೇನು ಕಳ್ಳರಾ ಅಂತ ಅವರು ಮುಷ್ಕರ ಹೂಡಿದರು. ಸಾವಿರಾರು ಜನ, ಓದು ಬರಹ ಇಲ್ಲದವರು, ಅಸಮಾನತೆಯನ್ನ ಒಪ್ಪಿಕೊಂಡಿರೋ 77ರವರು!

ತೊಂಬತ್ತು ವರ್ಷ ಆದ ಮೇಲೆ ಅದೇ ಜಿಲ್ಲೆಯ ನರಸಾಪುರ. 2020ರ ಡಿಸೆಂಬರ್ 12, ಬೆಳಗಿನ ಹೊತ್ತು. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ ಅಮೆರಿಕದ ಆಪಲ್‌ಗೆ ಫೋನು ಜೋಡಿಸ್ತಿತ್ತು. ದುಡಿಯೋರು ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು, ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಮುಗಿಸಿದವರು ಗಾಜು ಒಡೆದರು, ಗಾಡಿ ಮಗುಚಿದರು. ಟೀವಿಯಲ್ಲಿ ಮೊದಲ ದಿನ ಕಂಡದ್ದು ಬರೀ ಗಾಜು. ನೂರಕ್ಕೂ ಹೆಚ್ಚು ಜನರನ್ನ ಪೊಲೀಸರು ಹಿಡಿದುಕೊಂಡು ಹೋದರು. ಕಂಪನಿ ಕಡೆಯಿಂದ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ. ಅದೇ ಕಂಪನಿ ತನ್ನ ದೇಶದ ಷೇರುಪೇಟೆಗೆ ಹೇಳಿದ ನಷ್ಟ 10ರಿಂದ 20 ಕೋಟಿ ತೈವಾನ್ ಡಾಲರು, ಅಂದರೆ ಸುಮಾರು 26ರಿಂದ 52 ಕೋಟಿ ರೂಪಾಯಿ. ಒಂದೇ ಗಾಜಿಗೆ ಕೋಲಾರದಲ್ಲಿ ಒಂದು ಬೆಲೆ, ತೈಪೆಯಲ್ಲಿ ಒಂದು ಬೆಲೆ. ಗಡಿ ಅನ್ನೋದು ಯಾರಿಗೆ ಅನುಕೂಲ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಎಂಬಿಎ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಪರದೇಶದ ಆಡಳಿತಕ್ಕೂ ಇಲ್ಲಿನ ಜನಕ್ಕೂ ಹೊಂದಾಣಿಕೆ ಇಲ್ಲ, ಸಂಸ್ಕೃತಿ ಬೇರೆ ಬೇರೆ ಅಂತ ಹೇಳೋ ಪಂಡಿತರು ಇಂಥ ಕಡೆಯೂ ಇರ್ತಾರೆ. ಸಂಸ್ಕೃತಿ ಅಲ್ಲಿಗೆ ಎಲ್ಲಿಂದ ಬಂತು? ದುಡಿದ ಗಂಟೆಗಳ ಲೆಕ್ಕ ಸರಿಯಾಗಿ ಇಡಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಬಳ ಕೆಲವರಿಗೆ ಸರಿಯಾಗಿ ಸೇರಲಿಲ್ಲ ಅಂತ ಆಪಲ್ ಕಂಪನಿಯೇ ವಿಚಾರಣೆ ಮಾಡಿ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷನನ್ನ ತೆಗೆದುಹಾಕಿತು. 1930ರಲ್ಲಿ ಬೆರಳಿನ ಲೆಕ್ಕ, 2020ರಲ್ಲಿ ಗಂಟೆಯ ಲೆಕ್ಕ. ಸಂಬಳ ಎಷ್ಟು ಬಂತು ಅಂತ ಮೊಬೈಲಿನಲ್ಲಿ ನೋಡಿಕೊಂಡ ಹುಡುಗ ಕೇಳೋದಾದರೂ ಯಾರನ್ನ? ಏಜೆನ್ಸಿಯವನು ಕಂಪನಿಯನ್ನ ತೋರಿಸ್ತಾನೆ, ಕಂಪನಿಯವನು ಏಜೆನ್ಸಿಯನ್ನ ತೋರಿಸ್ತಾನೆ, ಇಬ್ಬರ ಹಿಂದೆ ತೈವಾನು, ಅದರ ಹಿಂದೆ ಕ್ಯಾಲಿಫೋರ್ನಿಯಾ. ಹಾಫ್‌ಸ್ಟೆಡ್ ಅಧಿಕಾರದ ಅಂತರ ಅಂದದ್ದನ್ನ ಇಲ್ಲಿ ಮನಸ್ಸಿನೊಳಗೆ ಹುಡುಕಬೇಕಾಗಿಲ್ಲ, ಕಿಲೋಮೀಟರಿನಲ್ಲಿ ಅಳೆಯಬಹುದು.

ಆ ಕಾರ್ಖಾನೆಯನ್ನ 2023ರಲ್ಲಿ ಟಾಟಾದವರು ಕೊಂಡುಕೊಂಡರು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ಹೆಂಗಸರನ್ನ ರಾತ್ರಿ ಪಾಳಿಗೂ ಹಾಕಬಹುದು. 12 ಗಂಟೆಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಇರಬೇಕು ಅಂತ ಅದರಲ್ಲಿ ಬರೆದಿದೆ. ಸೂಪರ್‌ವೈಸರು ಕಾಗದ ತಂದು ಲೈನಿನಲ್ಲಿ ನಿಂತಿರೋ ಗುತ್ತಿಗೆ ಹುಡುಗಿಯ ಮುಂದೆ ಇಡ್ತಾನೆ ಅಂತ ಇಟ್ಟುಕೊಳ್ಳಿ. ಹಿಂದೆ ಇನ್ನೂ ಮೂವತ್ತು ಜನ ನಿಂತಿದ್ದಾರೆ, ಊರಿಗೆ ಹೋಗೋ ಬಸ್ಸು ಹೊರಡೋ ಹೊತ್ತು. ಅವಳು ಹಾಕೋ ಆ ಸಹಿಯನ್ನ ಪಟ್ಟಿ ಬರೆಯೋ ಪಂಡಿತರು ಮೂರು ಪ್ರಶ್ನೆಗಳಲ್ಲಿ ಯಾವುದರ ಕೆಳಗೆ ಬರ್ಕೊಳ್ತಾರೆ?